ಶುಕ್ರವಾರದ ನೀರು

ಅಳ್ನಾವರ
17 ನವೆಂಬರ್ 2024

ತಮ್ಮಾ ಬಿನ್ಯಾಮಿನ,

ನಮ್ಮನ್ನು ಹೆತ್ತ ಆಯಿ ಹೋದ ಸುದ್ದಿ ನಿನ್ನ ಹೆಂಡತಿ ಎಸ್ತೇರಳ ಫೋನಿನಿಂದ ನಿನಗೆ ಮುಟ್ಟಿದೆ. ಹೇಗೆ ಹೋದಳು ಎಂಬುದು ಮುಟ್ಟಿರಲಾರದು, ಏಕೆಂದರೆ ಅದನ್ನು ನಾನು ಯಾರಿಗೂ ಹೇಳಿಲ್ಲ. ನಿನಗೆ ಕಿವಿ ಕೇಳುವುದಿಲ್ಲ, ನನಗೆ ಮೊಬೈಲಿನಲ್ಲಿ ಅಕ್ಷರ ಒತ್ತಲು ಬರುವುದಿಲ್ಲ. ಒಳ್ಳೆಯ ಜೋಡಿ ನಮ್ಮದು. ಜೀವನವೆಲ್ಲ ಸಾಲೆಯ ಮಕ್ಕಳ ಅಕ್ಷರ ತಿದ್ದಿದ ಕೈ ಇದು. ಪತ್ರವೇ ಸೈ.

ಎಂಟನೆಯ ತಾರೀಖು, ಶುಕ್ರವಾರ ನಸುಕಿನಲ್ಲಿ ಆಯಿ ಎಂದಿನಂತೆ ಎದ್ದು ಬಚ್ಚಲ ಹಂಡೆ ತುಂಬಿ ಒಲೆ ಹೊತ್ತಿಸಿದ್ದಾಳೆ. ಆ ವಯಸ್ಸಿನಲ್ಲೂ ಶುಕ್ರವಾರ ತಲೆಗೆ ಎರಕೊಳ್ಳುವ ನೀರು ಕಾಯಿಸುವುದನ್ನು ನನ್ನ ಕೈಗೆ ಬಿಟ್ಟುಕೊಟ್ಟವಳಲ್ಲ. ಅಂದು ನನ್ನನ್ನು ಯಾರೂ ಎಬ್ಬಿಸಲಿಲ್ಲ. ಕಿಟಕಿಯಲ್ಲಿ ಬಿಸಿಲು ಕಂಡು ಗಾಬರಿಯಿಂದ ಎದ್ದು ಹೋದರೆ, ಒಲೆಯ ಮುಂದೆ ಮಣೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಒಲೆಯ ಕಾವಿಗೆ ಮೈ ಬೆಚ್ಚಗಿತ್ತು. ಹಾಗಾಗಿ ಎಷ್ಟೋ ಹೊತ್ತು ನಾನು ಅವಳೊಡನೆ ಮಾತಾಡುತ್ತಲೇ ಇದ್ದೆ.

ಬಾಜೂ ಮನೆಯ ನಸೀಮಾಬಿ ಬಂದಳು. ಆಯಿ ಕಾಯಿಸಿಟ್ಟ ನೀರಿನಿಂದಲೇ ನಾವಿಬ್ಬರೂ ಅವಳ ಮೈ ತೊಳೆದೆವು. ನಮ್ಮ ಪದ್ಧತಿಯಂತೆ ಮನೆಯಲ್ಲಿ ನಿಂತ ನೀರನ್ನೆಲ್ಲ ಚೆಲ್ಲಬೇಕಲ್ಲ, ಕೊಡ, ಬಿಂದಿಗೆ, ಫಿಲ್ಟರು ಎಲ್ಲ ಬರಿದು ಮಾಡಿ ಅಂಗಳಕ್ಕೆ ಸುರಿದೆ. ಅದನ್ನು ನೋಡಿ ಓಣಿಯ ಹೆಂಗಸರೂ ತಮ್ಮ ತಮ್ಮ ಕೊಡ ತಂದು ಸುರಿದರು. ನಾವು ಕ್ರೈಸ್ತರೋ ಮುಸಲ್ಮಾನರೋ ಎಂದು ಇಷ್ಟು ವರ್ಷವಾದರೂ ಗೊತ್ತಿಲ್ಲದ ಜನ. ಯೆಹೂದಿ ಎಂದು ಹೇಳಿ ಹೇಳಿ ಅಪ್ಪನಿಗೇ ಸಾಕಾಗಿತ್ತು. ನಸೀಮಾಬಿಯ ಗಂಡ ದಾವೂದಸಾಬ ಮತ್ತು ಅವನ ಅಣ್ಣತಮ್ಮಂದಿರು ಅಪ್ಪನ ಬಾಜೂ ಕುಣಿ ತೋಡಿದರು. ಹೊತ್ತು ಮುಳುಗಿ ಶನಿವಾರದ ವಿಶ್ರಾಂತಿಯ ಸಬ್ಬತ್ತು ಹಿಡಿಯುವ ಮೊದಲೇ ಮಣ್ಣು ಮುಗಿಯಿತು. ಶೆಮಾ ಪ್ರಾರ್ಥನೆ ನಾನೇ ಓದಿದೆ. ಹತ್ತು ಗಂಡಸರು ಕೂಡದೆ ಸತ್ತವರಿಗಾಗಿ ಕದ್ದಿಶ್ ಹೇಳುವಂತಿಲ್ಲ, ಅದು ನಿನ್ನ ಪಾಲಿಗೆ ಉಳಿಯಿತು. ಮನೆಗೆ ಬಂದರೆ ನಸೀಮಾಬಿ ಬೇಯಿಸಿದ ತತ್ತಿ, ರೊಟ್ಟಿ ತಂದಿಟ್ಟಿದ್ದಳು. ಸೂತಕದ ಮೊದಲ ತುತ್ತು ಹೊರಗಿನವರದೇ ಆಗಬೇಕು ಎಂಬುದು ಅಪ್ಪ ಹೋದಾಗಿನಿಂದ ಅವಳಿಗೆ ನೆನಪಿದೆ.

ಕನ್ನಡಿಗೆ ಬಟ್ಟೆ ಮುಚ್ಚಿ, ಸೆರಗು ಹರಿದುಕೊಂಡು, ಆಯಿಯ ನವಲಗುಂದದ ಜಮಖಾನೆಯ ಮೇಲೆ ಕೂತೆ. ಏಳು ದಿನ ಕೂತೆ.

ಏಳನೆಯ ದಿನ ಬೆಳಿಗ್ಗೆ ಸಮಾಧಾನ ಹೇಳಲು ಬಂದ ನಮ್ಮವರೊಬ್ಬರು ‘ಏಳು’ ಎನ್ನಬೇಕು. ಅಂದಮೇಲೆ ಎದ್ದು ಓಣಿಯನ್ನೊಂದು ಸುತ್ತು ಹಾಕಿ ಬರಬೇಕು. ಅಪ್ಪ ಹೋದಾಗ ಮುಂಬೈಯಿಂದ ಸೋದರಮಾವ ಬಂದಿದ್ದ. ಈಗ ಅಳ್ನಾವರದಲ್ಲಿ ನನ್ನನ್ನು ಬಿಟ್ಟರೆ ನಮ್ಮವರು ಯಾರಿದ್ದಾರೆ? ನಸೀಮಾಬಿಯೇ ಬಾಗಿಲಲ್ಲಿ ನಿಂತು, “ನಾ ಹೇಳ್ತೀನ್ರಿ ಟೀಚರ, ಏಳ್ರಿ” ಅಂದಳು. “ನಿನ್ನ ಬಾಯಿಂದ ಆಗಂಗಿಲ್ಲವಾ, ನಮ್ಮವರ ಬಾಯಿಂದ ಬರಬೇಕು” ಅಂದೆ. ಅವಳ ಮುಖ ಸಣ್ಣದಾಯಿತು.

ನಾನೇ ಏಳಲು ನೋಡಿದೆ. ಗೋಡೆ ಹಿಡಿದು ನಿಂತೆ, ಹೊಸ್ತಿಲವರೆಗೂ ಹೋದೆ. ಹೊರಗೆ ಕಾಲಿಡಲು ಆಗಲಿಲ್ಲ. ಬಂದು ಮತ್ತೆ ಕೂತೆ. ಈ ಪತ್ರವನ್ನೂ ಕೂತಲ್ಲಿಂದಲೇ ಬರೆಯುತ್ತಿದ್ದೇನೆ.

ನಿನ್ನ ಅಕ್ಕ
ಮಿಲ್ಕಾ


ಠಾಣೆ
26 ನವೆಂಬರ್ 2024

ಅಕ್ಕಾ,

ನಿನ್ನ ಪತ್ರ ಓದಿ ಎಸ್ತೇರಳಿಗೆ ತೋರಿಸದೆ ದಿಂಬಿನ ಕೆಳಗಿಟ್ಟೆ.

ನನ್ನ ಸೊಂಟದ ಮೂಳೆ ಕೂಡಲು ಇನ್ನೂ ಎರಡು ಮೂರು ತಿಂಗಳು ಬೇಕಂತೆ. ಆಯಿಯ ಮಣ್ಣಿಗೆ ಬರಲಾಗದ ಮಗ ಹಾಸಿಗೆಯಲ್ಲೇ ಸೂತಕ ಕೂತ. ಹತ್ತಲ್ಲ, ಇಪ್ಪತ್ತು ಜನ ಬಂದರು. ನನ್ನ ಹಾಸಿಗೆಯ ಸುತ್ತ ನಿಂತು ಕದ್ದಿಶ್ ಹೇಳಿದರು, ನಾನು ಅವರ ತುಟಿ ನೋಡಿಕೊಂಡು ಹೇಳಿದೆ. ಏಳನೆಯ ದಿನ ಸಿನಗಾಗಿನ ಹಿರಿಯರೊಬ್ಬರು ಕೈ ಹಿಡಿದು ‘ಏಳು’ ಅಂದರು. ಅಂದಮೇಲೆ ಅವರಿಗೆ ಹೊಳೆಯಿತು, ಇವನು ಏಳುವವನಲ್ಲ ಎಂದು. ಎಲ್ಲರಿಗೂ ನಗು ಬಂತು, ನನಗೆ ಅಳು ಬಂತು.

ಏಳಲಾರದ ನನಗೆ ಹೇಳುವವರು ಇಷ್ಟು ಜನ, ನಿನಗೆ ಒಬ್ಬರೂ ಇಲ್ಲ. ನನ್ನನ್ನು ಈ ಸ್ಥಿತಿಯಲ್ಲಿ ಬಿಟ್ಟು ಎಸ್ತೇರ್ ಬರುವಂತಿಲ್ಲ. ಹಾಗಾಗಿ ಇಲ್ಲಿಂದಲೇ ಹೇಳುತ್ತೇನೆ, ಕೇಳು: ಅಕ್ಕಾ, ಏಳು. ಎದ್ದು ಕನ್ನಡಿಯ ಬಟ್ಟೆ ತೆಗೆ. ನಸೀಮಾಬಿಯ ಮನೆಗೆ ಹೋಗಿ ಒಂದು ಕಪ್ಪು ಚಹಾ ಕುಡಿ. ಅವಳ ಮುಖ ಸಣ್ಣ ಮಾಡಿದ್ದಕ್ಕೆ ಸಮಾಧಾನವೂ ಹೇಳಿದಂತಾಗುತ್ತದೆ.

ನಿನ್ನ ತಮ್ಮ
ಬಿನ್ಯಾಮಿನ


ಅಳ್ನಾವರ
8 ಡಿಸೆಂಬರ್ 2024

ತಮ್ಮಾ,

ಕಾಗದದ ಮೇಲಿನ ‘ಏಳು’ ನಡೆಯುವುದಿಲ್ಲವೋ ಜಾಣ. ಬಾಯಿಂದ ಬರಬೇಕು, ಎದುರಿಗಿದ್ದವರು ಹೇಳಬೇಕು. ನಿನ್ನ ಪತ್ರ ಬಂದ ದಿನ ಮಾತ್ರ ನಿನ್ನ ಮಾತು ಮೀರಬಾರದೆಂದು ಕನ್ನಡಿಯ ಬಟ್ಟೆ ತೆಗೆದು ಮಡಚಿಟ್ಟೆ. ಬೆಳಿಗ್ಗೆ ನೋಡಿದರೆ ಮತ್ತೆ ಮುಚ್ಚಿತ್ತು. ನಿದ್ದೆಗಣ್ಣಿನಲ್ಲಿ ನಾನೇ ಮುಚ್ಚಿರಬೇಕು ಎಂದುಕೊಂಡಿದ್ದೇನೆ. ಹಾಗೆ ಅಂದುಕೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯ. ಅದಕ್ಕೆ ಹೀಗೆ ಅಂದುಕೊಳ್ಳಲೂ ಬರುತ್ತಿಲ್ಲ.

ಆಯಿ ಹೋದ ಮರುವಾರ, ಶುಕ್ರವಾರ ಬೆಳಿಗ್ಗೆ ಮುಖ ತೊಳೆಯಲು ಬಚ್ಚಲಿಗೆ ಹೋದೆ. ಅಲ್ಲಿಯೇ ಹಂಡೆಗೆ ಕೈ ತಾಗಿತು. ಬೆಚ್ಚಗಿತ್ತು. ಬಿಸಿಲು ಬಿದ್ದಿರಬೇಕು ಅಂದುಕೊಂಡೆ. ಆ ಬಚ್ಚಲಿಗೆ ಬಿಸಿಲು ಎಲ್ಲಿಂದ ಬೀಳಬೇಕು, ನೀನೇ ಹೇಳು. ಶನಿವಾರ ಮುಟ್ಟಿದೆ, ತಣ್ಣಗಿತ್ತು. ವಾರವೆಲ್ಲ ತಣ್ಣಗೇ ಇತ್ತು. ಮುಂದಿನ ಶುಕ್ರವಾರ ಮುಚ್ಚಳ ತೆಗೆದರೆ ಹಬೆ ಬಂತು. ಮೊನ್ನೆ ಶುಕ್ರವಾರ ಕೈ ಅದ್ದಲಾಗದಷ್ಟು ಕಾದಿತ್ತು. ಒಲೆಯೊಳಗೆ ಕೆಂಡ ಕಾಣಲಿಲ್ಲ, ಬೂದಿಯಿತ್ತು. ಬೂದಿಯನ್ನು ಮುಟ್ಟಲು ನನಗೆ ಧೈರ್ಯವಾಗಲಿಲ್ಲ.

ನಾನು ಒಲೆ ಹೊತ್ತಿಸಿಲ್ಲ. ಸೂತಕದಲ್ಲಿ ಕೂತವಳು ಎರಕೊಳ್ಳುವಂತಿಲ್ಲ, ನನಗೆ ಬಿಸಿನೀರು ಯಾಕೆ ಬೇಕು? ಮುಖ, ಕೈಕಾಲಿಗೆ ನಲ್ಲಿಯ ತಣ್ಣೀರು ಸಾಕು.

ನನಗೆ ಅನಿಸುವುದು ಇಷ್ಟು. ನಾನು ಎದ್ದಿಲ್ಲ, ಅದಕ್ಕೆ ಆಯಿಯೂ ಹೋಗಿಲ್ಲ. ಸರದಿ ತಪ್ಪಿದ ಹಾಗೆ ಇಬ್ಬರೂ ಈ ಮನೆಯಲ್ಲಿ ಸಿಕ್ಕಿಕೊಂಡಿದ್ದೇವೆ. ಹೆದರಿಕೆ ಆಗುತ್ತದೆಯೇ ಎಂದು ಕೇಳಬೇಡ. ಆಗುತ್ತದೆ. ಆದರೂ ಗುರುವಾರ ಸಂಜೆಯಾದರೆ ನಾಳೆ ಶುಕ್ರವಾರ ಎಂದು ಒಳಗೊಳಗೇ ಖುಷಿಯೂ ಆಗುತ್ತದೆ. ಅದನ್ನು ಯಾರ ಮುಂದೆ ಹೇಳಲಿ?

ಮಿಲ್ಕಾ


ಅಳ್ನಾವರ
21 ಡಿಸೆಂಬರ್ 2024

ಬಿನ್ಯಾಮಿನ ಕಾಕಾ ಅವರಿಗೆ ಸಲಾಂ.

ನಾನು ಶಗುಫ್ತಾ, ನಿಮ್ಮ ಮನೆಯ ಬಾಜೂ ಇರುವ ನಸೀಮಾಬಿಯವರ ಮಗಳು. ಮಿಲ್ಕಾ ಟೀಚರ್ ಕೈಯಲ್ಲಿ ಅಕ್ಷರ ಕಲಿತವಳು. ಟೀಚರಿಗೆ ತಿಳಿಯದಂತೆ ಈ ಪತ್ರ ಬರೆಯುತ್ತಿದ್ದೇನೆ. ವಿಳಾಸ ಅವರ ಲಕೋಟೆಯ ಮೇಲಿನದು. ಅಂಚೆಗೆ ಹಾಕಲು ಅವರೇ ನನ್ನ ಕೈಗೆ ಕೊಡುತ್ತಾರೆ.

ಟೀಚರ್ ತುಂಬಾ ಇಳಿದಿದ್ದಾರೆ. ನಾವು ಕೊಟ್ಟ ರೊಟ್ಟಿ ಹಾಗೇ ಒಣಗಿ ತಿರುಗಿ ಬರುತ್ತದೆ. ಅದೇ ಹರಿದ ಸೀರೆ. ಜಮಖಾನೆ ಬಿಟ್ಟು ಏಳುವುದು ಬಚ್ಚಲಿಗೆ ಹೋಗಲಷ್ಟೇ. ಗುರುವಾರ ಸಂಜೆ ಜ್ವರ ಏರಿ ಮಾತು ತೊದಲತೊಡಗಿತು. ಅವರು ಬೇಡವೆಂದರೂ ಕೇಳದೆ ಅಬ್ಬಾ ಮತ್ತು ನಾನು ಅವರನ್ನು ಎತ್ತಿಕೊಂಡು ನಮ್ಮ ಮನೆಗೆ ತಂದೆವು. ನಿಮ್ಮ ಮನೆಗೆ ಅಬ್ಬಾ ಬೀಗ ಹಾಕಿದರು. ಕೀಲಿ ಅಮ್ಮಿಯ ಸೊಂಟದಲ್ಲಿತ್ತು.

ಕಾಕಾ, ಮುಂದಿನದನ್ನು ನೀವು ನಂಬಬೇಕೆಂದು ನಾನು ಹೇಳುವುದಿಲ್ಲ. ಶುಕ್ರವಾರ ನಸುಕಿನ ಫಜರ್ ನಮಾಜಿಗೆ ಕೈಕಾಲು ತೊಳೆದು ವಜೂ ಮಾಡಲು ಅಮ್ಮಿ ಹಿತ್ತಲಿಗೆ ಹೋದವರು ನನ್ನನ್ನು ಕೂಗಿದರು. “ಶಗುಫ್ತಾ, ಇತ್ತಾಗ ಬಾ. ಟೀಚರ ಬಚ್ಚಲದಾಗಿಂದ ಹೊಗಿ ಬರಾಕತ್ತೇತಿ ನೋಡು.” ನೋಡಿದೆ. ನಿಮ್ಮ ಬಚ್ಚಲ ಹೊಗೆಗೂಡಿನಿಂದ ಹೊಗೆ ನೆಟ್ಟಗೆ ಮೇಲೇಳುತ್ತಿತ್ತು. ಕಟ್ಟಿಗೆ ಸಿಡಿಯುವ ಸದ್ದೂ ಬಂತು. ಟೀಚರ್ ನಮ್ಮ ನಡುಮನೆಯಲ್ಲಿ ಮಲಗಿದ್ದರು.

ಕಳ್ಳರು ಹೊಕ್ಕಿರಬೇಕು ಎಂದು ಅಬ್ಬಾ ಬಡಿಗೆ ಹಿಡಿದು ಹೋಗಿ ಬೀಗ ತೆಗೆದರು. ಒಳಗೆ ಯಾರೂ ಇರಲಿಲ್ಲ. ಬಚ್ಚಲಲ್ಲಿ ನೀರು ಕುದಿಯುತ್ತಿತ್ತು. ಒಲೆಯ ಮುಂದೆ ಮಣೆ ಹಾಕಿತ್ತು. ಅಬ್ಬಾ ಬಿಸ್ಮಿಲ್ಲಾ ಹೇಳಿ ಹಾಗೇ ಹಿಂದೆ ಸರಿದು ಬಂದರು.

ಜ್ವರ ಇಳಿದ ಕೂಡಲೇ ಟೀಚರ್ ಮನೆಗೆ ಹೋಗಿಬಿಟ್ಟರು. “ಇಲ್ಲೇ ಇರ್ರಿ” ಅಂದರೆ, “ಆಯಿ ಒಬ್ಬಾಕಿನ ಇದ್ದಾಳವಾ” ಅಂದರು. ಇವರು ಹೀಗೇ ಊಟ ಬಿಟ್ಟು ಕೂತರೆ ಬಹಳ ದಿನ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಏನಾದರೂ ಮಾಡಿ ಕಾಕಾ. ಏಳು ಎನ್ನಲು ನಮ್ಮ ಬಾಯಿ ನಡೆಯುವುದಿಲ್ಲವಂತೆ.

ನಿಮ್ಮ
ಶಗುಫ್ತಾ


ಠಾಣೆ
30 ಡಿಸೆಂಬರ್ 2024

ಅಕ್ಕಾ,

ಶಗುಫ್ತಾ ನನಗೆ ಬರೆದಿದ್ದಾಳೆ. ಅವಳನ್ನು ಬೈಯಬೇಡ.

ನೀನು ಸತ್ತರೆ ನಾನು ಯಾರಿಗೆ ತಮ್ಮ? ಇಷ್ಟು ಕೇಳಿ ಮುಂದಿನದನ್ನು ಹೇಳುತ್ತೇನೆ.

ಕಾಗದದ ‘ಏಳು’ ನಡೆಯುವುದಿಲ್ಲ ಅಂದೆಯಲ್ಲ. ಕಿವಿ ಹೋಗಿದ್ದರೂ ಬಾಯಿ ಇದೆ ಎಂದು ಶುಕ್ರವಾರ ಬೆಳಿಗ್ಗೆ ಎಸ್ತೇರಳಿಂದ ನಿನ್ನ ನಂಬರು ಹಚ್ಚಿಸಿದೆ. ಫೋನು ಎತ್ತಿದ್ದಾರೆ ಎಂದು ಸನ್ನೆ ಮಾಡಿದಳು. ಪರದೆಯ ಮೇಲೆ ಸೆಕೆಂಡು ಓಡುತ್ತಿದ್ದುದನ್ನು ನಾನೂ ಕಂಡೆ. “ಅಕ್ಕಾ, ಏಳು, ಅಕ್ಕಾ, ಏಳು” ಎಂದು ಕೂಗಿದೆ. ಬಾಜೂ ಫ್ಲಾಟಿನವರು ಬಂದು ಬಾಗಿಲು ಬಡಿದರಂತೆ.

ಆಮೇಲೆ ನನಗೆ ಕೇಳಿಸಿತು. ಪ್ರೆಸ್ಸಿನ ಯಂತ್ರಗಳು ನನ್ನ ಕಿವಿ ತಿಂದು ಎಷ್ಟು ವರ್ಷವಾಯಿತು, ಎಸ್ತೇರಳ ಮಾತೂ ಕೇಳುವುದಿಲ್ಲ. ಆದರೆ ಫೋನಿನಲ್ಲಿ ನೀರಿನ ಸದ್ದು ಕೇಳಿಸಿತು. ತಂಬಿಗೆಯಿಂದ ಹಂಡೆಗೆ ನೀರು ಸುರಿದರೆ ಆಗುತ್ತದಲ್ಲ, ಮೊದಲು ಟೊಳ್ಳಾಗಿ, ತುಂಬುತ್ತ ಬಂದ ಹಾಗೆ ದಪ್ಪಗೆ. ಎಸ್ತೇರಳಿಗೆ ಫೋನು ಕೊಟ್ಟೆ. ಅವಳು ಕಿವಿಗಿಟ್ಟು ತಲೆಯಾಡಿಸಿದಳು. ಏನೂ ಇಲ್ಲವಂತೆ.

ಒಂದು ಮಾತು ನೇರವಾಗಿ ಕೇಳುತ್ತೇನೆ. ಮನೆಯ ನೀರೆಲ್ಲ ಚೆಲ್ಲಿದೆ ಎಂದು ನೀನು ಮೊದಲ ಪತ್ರದಲ್ಲಿ ಬರೆದೆ. ಒಲೆ ಹೊತ್ತಿಸಿಲ್ಲ, ಎರಕೊಂಡಿಲ್ಲ ಎಂದೂ ಬರೆದೆ. ಮತ್ತೆ ಹಂಡೆಯಲ್ಲಿ ನೀರು ಎಲ್ಲಿಂದ ಬಂತು?

ಬಿನ್ಯಾಮಿನ


ಅಳ್ನಾವರ
12 ಜನವರಿ 2025

ತಮ್ಮಾ,

ಫೋನು ಆಯಿ ಹೋದ ಮೂರನೆಯ ದಿನವೇ ಬಂದ್ ಆಯಿತು. ಚಾರ್ಜು ಮಾಡಿಲ್ಲ. ಅಲಮಾರಿನಲ್ಲಿ ಬಟ್ಟೆಯ ಕೆಳಗೆ ಇದೆ, ಈಗಷ್ಟೇ ತೆಗೆದು ನೋಡಿದೆ, ಪರದೆ ಕಪ್ಪಾಗಿದೆ. ನೀನು ಯಾರ ಹತ್ತಿರ ಕೂಗಿದೆಯೋ ನನಗೆ ಗೊತ್ತಿಲ್ಲ. ನನ್ನ ಹತ್ತಿರ ಅಲ್ಲ.

ಹಂಡೆಯ ವಿಷಯ ಕೇಳಿದೆ. ಹೌದು, ಅದನ್ನು ಚೆಲ್ಲಲಿಲ್ಲ.

ಆಯಿಯ ಮೈಗೆ ಹಾಕಿ ಉಳಿದ ನೀರು ಅದು. ಅರ್ಧ ಹಂಡೆ ಇತ್ತು. ಮಿಕ್ಕ ಕೊಡಗಳನ್ನೆಲ್ಲ ಸುರಿಯುವಾಗ ನಸೀಮಾಬಿ, “ಹಂಡೇದು?” ಅಂದಳು. ನಾನು ಮುಚ್ಚಳ ಮುಚ್ಚಿ ಅದರ ಮೇಲೆ ಕಲ್ಲು ಇಟ್ಟೆ. ಪದ್ಧತಿ ನನಗೆ ಗೊತ್ತಿಲ್ಲವೆಂದಲ್ಲ. ಸಾವು ಹೊಕ್ಕ ಮನೆಯಲ್ಲಿ ಹನಿ ನೀರು ನಿಲ್ಲಬಾರದು ಎಂದು ನನಗೆ ಕಲಿಸಿದವಳೇ ಆಯಿ. ಆದರೆ ಅದು ಅವಳು ತನ್ನ ಕೈಯಾರೆ ನನಗಾಗಿ ಸೇದಿ, ಹೊತ್ತು, ಕಾಯಿಸಿದ ನೀರು. ಇನ್ನು ಈ ಲೋಕದಲ್ಲಿ ನನಗಾಗಿ ನೀರು ಕಾಯಿಸುವವರು ಯಾರೂ ಇಲ್ಲ. ಅದನ್ನು ಅಂಗಳಕ್ಕೆ ಚೆಲ್ಲು ಅಂದರೆ ಹೇಗೆ ಚೆಲ್ಲಲಿ?

ನೀನು ಹೆಂಡತಿಯೊಡನೆ ಠಾಣೆಗೆ ಹೋದೆ, ತಪ್ಪೆನ್ನುವುದಿಲ್ಲ. ನನ್ನದೆಲ್ಲ ಆಯಿಯೇ. ಮದುವೆ ಗೊತ್ತಾದಾಗ ಅವಳನ್ನು ಬಿಟ್ಟು ಹೋಗಲಾರೆ ಎಂದೆ. ಹಟಮಾರಿ ಎಂದು ಬೈದಳು, ಬೈದು ತಲೆಗೆ ಎಣ್ಣೆ ಹಚ್ಚಿದಳು. ಆಮೇಲೆ ಇಬ್ಬರೂ ಕೂಡಿಯೇ ಮುದುಕಿಯರಾದೆವು. ಊರವರಿಗೆ ಯಾರು ತಾಯಿ ಯಾರು ಮಗಳು ಎಂದು ದೂರದಿಂದ ತಿಳಿಯುತ್ತಿರಲಿಲ್ಲ.

ಕಲ್ಲು ಈಗ ಕೆಳಗಿರುತ್ತದೆ. ಪ್ರತಿ ಶುಕ್ರವಾರ ಯಾರೋ ಇಳಿಸಿ ಗೋಡೆಯ ಪಕ್ಕ ಇಟ್ಟಿರುತ್ತಾರೆ. ನಾನು ಮತ್ತೆ ಎತ್ತಿ ಇಡುತ್ತೇನೆ. ಮೊನ್ನೆ ಅದನ್ನು ಎತ್ತಲು ಕೈಯಲ್ಲಿ ಶಕ್ತಿ ಇರಲಿಲ್ಲ.

ಆ ನೀರು ಚೆಲ್ಲು ಎಂದು ಬರೆಯಬೇಡ. ಬರೆದರೆ ಪತ್ರ ಒಡೆಯುವುದಿಲ್ಲ.

ಮಿಲ್ಕಾ


ಠಾಣೆ
20 ಜನವರಿ 2025

ಅಕ್ಕಾ,

ಚೆಲ್ಲು ಎಂದು ಬರೆಯುವುದಿಲ್ಲ.

ನಾವು ಸಣ್ಣವರಿದ್ದಾಗಿನ ಶುಕ್ರವಾರ ನೆನಪು ಮಾಡಿಕೋ. ಅಪ್ಪ ರೈಲ್ವೆ ಡ್ಯೂಟಿಗೆ ಹೋಗಿರುತ್ತಿದ್ದ. ಹೊರಗೆ ಇನ್ನೂ ಕತ್ತಲೆ. ನಾವಿಬ್ಬರೂ ಒಂದೇ ಕೌದಿಯಲ್ಲಿ. ಆಯಿ ಬಾಗಿಲಲ್ಲಿ ನಿಂತು, ಕೈಯಲ್ಲಿ ಊದುಗೊಳವೆ ಹಿಡಿದೇ, ಮರಾಠಿಯಲ್ಲಿ ಕೂಗುತ್ತಿದ್ದಳು: “ಊಠ ಮಿಲ್ಕಾ, ಪಾಣಿ ತಾಪಲಂ.” ಏಳು, ನೀರು ಕಾದಿದೆ. ನನ್ನ ಹೆಸರು ಯಾವತ್ತೂ ಎರಡನೆಯದು, ಅದಕ್ಕೆ ನಾನು ಇನ್ನಷ್ಟು ಹೊತ್ತು ಮಲಗುತ್ತಿದ್ದೆ.

ಆಯಿ ಹೋದ ದಿನ ನಿನ್ನನ್ನು ಯಾರೂ ಎಬ್ಬಿಸಲಿಲ್ಲ ಎಂದು ನೀನೇ ಬರೆದೆ. ನೀರು ಕಾಯಿಸಿದಳು, ಎಬ್ಬಿಸುವುದೊಂದು ಉಳಿಯಿತು. ನಿನ್ನಿಂದಾಗಿ ಆಯಿ ಸಿಕ್ಕಿಕೊಂಡಿದ್ದಾಳೆ, ಅವಳನ್ನು ನೀನು ಕಾಯುತ್ತಿದ್ದೀ ಎಂದು ತಿಳಿದಿದ್ದೀಯಲ್ಲ. ನನಗೆ ಹಾಗೆ ಕಾಣುವುದಿಲ್ಲ. ಮಣ್ಣಿನಿಂದ ಎದ್ದು ಬಂದು ವಾರ ವಾರವೂ ಒಲೆ ಊದುತ್ತಿರುವವಳು ಅವಳು. ನಮ್ಮವರ ಬಾಯಿಂದಲೇ ‘ಏಳು’ ಬರಬೇಕು ಎಂದು ಹಟ ಹಿಡಿದು ಕೂತಿದ್ದೀ. ಆಯಿಗಿಂತ ನಮ್ಮವರು ಇನ್ನಾರು ಬರಬೇಕು ನಿನಗೆ?

ನನಗೂ ಹೆದರಿಕೆಯಿದೆ. ಈ ಪತ್ರದ ಅಕ್ಷರ ಸೊಟ್ಟಗಾಗಿವೆ, ತಿದ್ದಬೇಡ. ಆ ನೀರು ಅವಳು ಕಾಯಿಸಿದ್ದು ನೀನು ಎರಕೊಳ್ಳಲಿ ಎಂದು. ಇಟ್ಟುಕೊಳ್ಳಲಿ ಎಂದಲ್ಲ. ಎರಕೋ ಅಕ್ಕಾ.

ಬಿನ್ಯಾಮಿನ


ಅಳ್ನಾವರ
9 ಫೆಬ್ರುವರಿ 2025

ತಮ್ಮಾ ಬಿನ್ಯಾಮಿನ,

ನಿನ್ನ ಪತ್ರ ಓದಿ ಸಿಟ್ಟು ಬಂತು. ಸಣ್ಣವನಿಂದ ಬುದ್ಧಿ ಹೇಳಿಸಿಕೊಳ್ಳುವ ಕಾಲ ಬಂತಲ್ಲ ಎಂದು. ಎರಡು ದಿನ ಅದನ್ನು ಮುಟ್ಟಲಿಲ್ಲ. ಆಮೇಲೆ ದಿನಾಲೂ ಓದಿದೆ.

ಹೋದ ತಿಂಗಳ ಕೊನೆಯ ಶುಕ್ರವಾರ ನಸುಕಿನಲ್ಲಿ ಎಚ್ಚರವಾಯಿತು. ಕಟ್ಟಿಗೆ ಸಿಡಿಯುವುದು ಕೇಳುತ್ತಿತ್ತು. ಹಿಂದಿನ ವಾರಗಳಲ್ಲಿ ಆ ಸದ್ದು ಬಂದರೆ ಮುಸುಕು ಹೊದ್ದುಕೊಂಡು, ಅದು ನಿಲ್ಲುವವರೆಗೆ ಅಲುಗಾಡುತ್ತಿರಲಿಲ್ಲ. ಅದನ್ನು ನಿನಗೆ ಬರೆದಿರಲಿಲ್ಲ. ಆ ದಿನ ಮುಸುಕು ತೆಗೆದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಯಾರೂ ಕೂಗಲೂ ಇಲ್ಲ. ಆದರೆ ಬಾಗಿಲಲ್ಲಿ ಯಾರೋ ಆಗಷ್ಟೇ ನಿಂತು ಹೋದ ಹಾಗಿತ್ತು, ಹೊಗೆಯ ವಾಸನೆ ಹೊಸ್ತಿಲಲ್ಲೇ ನಿಂತಿತ್ತು. “ಉಠತೇ ಆಯಿ” ಅಂದೆ. ಏಳುತ್ತೇನೆ ಎಂದು ನನ್ನ ಬಾಯಿಂದ ಬಂದದ್ದು ಆಗಲೇ. ಗೋಡೆ ಹಿಡಿಯದೆ ಎದ್ದೆ.

ಹರಿದ ಸೀರೆ ಬಿಚ್ಚಿಟ್ಟು ಬಚ್ಚಲಲ್ಲಿ ಮಣೆಯ ಮೇಲೆ ಕೂತೆ. ಕಣ್ಣು ಮುಚ್ಚಿಕೊಂಡೇ ಎರಕೊಂಡೆ. ಹದವಾಗಿ ಕಾದಿತ್ತು, ನನಗೆ ಬೇಕಾದ ಬಿಸಿ ಎಷ್ಟೆಂದು ತಿಳಿದವರು ಕಾಯಿಸಿದಷ್ಟು. ಎಷ್ಟು ತಂಬಿಗೆ ಹಾಕಿಕೊಂಡರೂ ಇತ್ತು. ತಲೆಗೆ ಸೀಗೆಪುಡಿ ತಿಕ್ಕಿ, ಕಣ್ಣು ಉರಿದು, ತಂಬಿಗೆಗಾಗಿ ತಡಕಾಡಿದೆ. ಸಿಗಲಿಲ್ಲ. ಆಗ ಬೆನ್ನಿಗೆ ನೀರು ಬಿತ್ತು.

ನಾನು ತಿರುಗಲಿಲ್ಲ ತಮ್ಮಾ. ಮೈಯೆಲ್ಲ ಮುಳ್ಳೆದ್ದಿತು, ಬಿಸಿನೀರಿನಲ್ಲೂ ಹಲ್ಲು ಕಟಕಟ ಅಂದವು. ಎರಡನೆಯ ತಂಬಿಗೆ ಬಿತ್ತು. ಮೂರನೆಯದಕ್ಕೆ ನಾನೇ ಬಗ್ಗಿ ಬೆನ್ನು ಕೊಟ್ಟೆ. ಆಮೇಲೆ ಹಂಡೆಯ ತಳಕ್ಕೆ ತಂಬಿಗೆ ತಾಗಿದ ಸದ್ದು ಬಂತು. ಮತ್ತೆ ನೀರು ಬೀಳಲಿಲ್ಲ.

ಒಗೆದ ಸೀರೆ ಉಟ್ಟು ನಸೀಮಾಬಿಯ ಬಾಗಿಲಿಗೆ ಹೋದೆ. ನನ್ನ ಒದ್ದೆ ಕೂದಲು ನೋಡಿ ಅವಳು ಬಾಯಿಗೆ ಸೆರಗು ಹಚ್ಚಿಕೊಂಡಳು. “ಓಣಿ ಒಂದ್ ಸುತ್ತ ಹಾಕೂಣು ಬಾ” ಅಂದೆ. ಅವಳು ಚಪ್ಪಲಿ ಮೆಟ್ಟಿ ಬಂದಳು. ಆ ದಿನ ಊಟವೂ ಸೇರಿತು. ಕನ್ನಡಿಯ ಬಟ್ಟೆ ತೆಗೆದೆ, ಅದು ಹಾಗೇ ಉಳಿದಿದೆ. ಇಷ್ಟನ್ನು ಆ ವಾರವೇ ಬರೆದು ಹಾಕಬಹುದಿತ್ತು. ಆದರೆ ಮುಂದಿನ ಶುಕ್ರವಾರ ನೋಡಿ ಬರೆಯೋಣ ಎಂದು ತಡೆದೆ. ನಿಜ ಹೇಳಲೇ? ಹಂಡೆಯನ್ನು ತುಂಬಿಟ್ಟೆ. ಹೊಸ ನೀರು, ಕಂಠದವರೆಗೆ. ಕಟ್ಟಿಗೆಯನ್ನೂ ಒಲೆಯ ಪಕ್ಕ ಜೋಡಿಸಿಟ್ಟೆ.

ಮೊನ್ನೆ ಶುಕ್ರವಾರ ಕತ್ತಲಿರುವಾಗಲೇ ಎಚ್ಚರವಾಗಿ ಕಿವಿಗೊಟ್ಟು ಮಲಗಿದೆ. ಏನೂ ಸಿಡಿಯಲಿಲ್ಲ. ಸ್ಟೇಶನ್ನಿನಲ್ಲಿ ಗಾಡಿ ಬಂದು ಹೋಯಿತು. ಹಕ್ಕಿ ಕೂಗತೊಡಗಿದವು, ಕಿಟಕಿ ಬೆಳಗಾಯಿತು. ಎದ್ದು ಹೋಗಿ ಹಂಡೆಯ ಮೇಲೆ ಎರಡೂ ಕೈ ಇಟ್ಟೆ. ತಣ್ಣಗಿತ್ತು. ನೀರಿನೊಳಗೆ ಮೊಣಕೈವರೆಗೆ ಕೈ ಇಳಿಸಿದೆ. ತಳದವರೆಗೂ ತಣ್ಣಗಿತ್ತು.

ಅಲ್ಲೇ ಕೂತು ಅತ್ತೆ. ಆಯಿ ಹೋದ ದಿನ ನಾನು ಅತ್ತಿರಲಿಲ್ಲ, ನಿನಗೆ ಗೊತ್ತೇ? ಮೈ ತೊಳೆಯುವಾಗ, ಮಣ್ಣು ಹಾಕುವಾಗ, ಶೆಮಾ ಓದುವಾಗ, ಏಳು ದಿನ ಕೂತಾಗ, ಒಮ್ಮೆಯೂ ಇಲ್ಲ. ಮೊನ್ನೆ ಓಣಿಗೆ ಕೇಳುವಂತೆ ಅತ್ತೆ. ನಸೀಮಾಬಿ ಹಿತ್ತಲ ಗೋಡೆ ಸುತ್ತಿ ಓಡಿ ಬಂದಳು.

“ಏನಾತ್ರಿ ಟೀಚರ? ಯಾಕ ಅಳಾಕತ್ತೀರಿ?”

“ನಮ್ಮ ಆಯಿ ಹೋದಳ ನಸೀಮಾ” ಅಂದೆ.

ಅವಳು ತನ್ನ ಕೈಯಾರೆ ಆಯಿಯ ಮೈ ತೊಳೆದವಳು. ಹುಚ್ಚು ಹಿಡಿಯಿತೇ ನಿಮಗೆ ಎನ್ನಬಹುದಿತ್ತು. ಅನ್ನಲಿಲ್ಲ. “ಹೌದ್ರಿ, ಹೋದ್ರು” ಅಂದು ಒದ್ದೆ ನೆಲದಲ್ಲೇ ನನ್ನ ಬಾಜೂ ಕೂತು ತಾನೂ ಅಳತೊಡಗಿದಳು.

ನಿನ್ನ ಅಕ್ಕ
ಮಿಲ್ಕಾ